ಪುಷ್ಪಗಿರಿ ವನ್ಯಜೀವಿಧಾಮ: ಭೇಟಿಗೆ ಸೂಕ್ತ ಕಾಲ

ಪುಷ್ಪಗಿರಿ ವನ್ಯಜೀವಿಧಾಮವು ಪಶ್ಚಿಮ ಘಟ್ಟಗಳಲ್ಲಿ, ಕೊಡಗು ಜಿಲ್ಲೆಯ ಸೋಮವಾರಪೇಟೆ ತಾಲೂಕಿನಲ್ಲಿರುವ ಒಂದು ಸಂರಕ್ಷಿತ ಅರಣ್ಯ. ಇದರ ಪಶ್ಚಿಮದ ಅಂಚು ದಕ್ಷಿಣ ಕನ್ನಡ ಜಿಲ್ಲೆಯ ಕಡಬ ಮತ್ತು ಸುಳ್ಯ ತಾಲೂಕುಗಳ ಕಾಡುಗಳಿಗೆ ತಾಗಿಕೊಂಡಿದೆ. ಕುಕ್ಕೆ ಸುಬ್ರಹ್ಮಣ್ಯದ ಹಿಂಬದಿಯಲ್ಲಿ ಕಾಣುವ ಕುಮಾರಪರ್ವತ ಅಥವಾ ಪುಷ್ಪಗಿರಿ ಶಿಖರವು (1,712 ಮೀಟರ್) ಈ ಧಾಮದ ಅತಿ ಎತ್ತರದ ಸ್ಥಳ. ವರ್ಷದ ನಾಲ್ಕು ತಿಂಗಳು ಭಾರಿ ಮಳೆ ಮತ್ತು ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯವಿರುವ ಈ ಪ್ರದೇಶಕ್ಕೆ ಎಲ್ಲ ಕಾಲದಲ್ಲಿಯೂ ಭೇಟಿ ನೀಡಲಾಗುವುದಿಲ್ಲ. ಮಳೆ ಹಿಂದೆ ಸರಿದ ಬಳಿಕ, ಅಂದರೆ ಅಕ್ಟೋಬರ್ ನಡುವಿನಿಂದ ಜನವರಿಯವರೆಗಿನ ಅವಧಿಯನ್ನು ಸಾಮಾನ್ಯವಾಗಿ ಅತ್ಯಂತ ಸೂಕ್ತ ಕಾಲವೆಂದು ಪರಿಗಣಿಸಲಾಗುತ್ತದೆ. ಆದರೆ ಚಾರಣ, ಪಕ್ಷಿವೀಕ್ಷಣೆ, ಜಲಪಾತ, ಕಪ್ಪೆ ಹಾಗೂ ಕೀಟಗಳ ಅಧ್ಯಯನ ಮುಂತಾದ ಉದ್ದೇಶಗಳಿಗೆ ಅನುಗುಣವಾಗಿ ಸೂಕ್ತ ಕಾಲವೂ ಬದಲಾಗುತ್ತದೆ.

ಧಾಮದ ಪರಿಚಯ

ಪುಷ್ಪಗಿರಿಯನ್ನು 1987ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಇದರ ವಿಸ್ತೀರ್ಣ ಸುಮಾರು 102 ಚದರ ಕಿಲೋಮೀಟರ್. 2012ರಲ್ಲಿ ಯುನೆಸ್ಕೊ ಸಂಸ್ಥೆಯು ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ತಲಕಾವೇರಿ ಉಪಗುಚ್ಛದ ಭಾಗವಾಗಿ ಪುಷ್ಪಗಿರಿಯೂ ಅದರಲ್ಲಿ ಸೇರ್ಪಡೆಯಾಯಿತು. ಧಾಮದ ಸುತ್ತ ಕಡಮಕಲ್ಲು, ಬಿಸಿಲೆ ಹಾಗೂ ಸುಬ್ರಹ್ಮಣ್ಯದ ಕಾಡುಗಳಿದ್ದು, ಇವೆಲ್ಲ ಸೇರಿ ಒಂದೇ ಹಸಿರು ಹೊದಿಕೆಯಂತೆ ಹಬ್ಬಿಕೊಂಡಿವೆ.

ತಗ್ಗಿನ ಭಾಗಗಳಲ್ಲಿ ನಿತ್ಯಹರಿದ್ವರ್ಣದ ದಟ್ಟ ಕಾಡು, ಎತ್ತರದಲ್ಲಿ ಹುಲ್ಲುಗಾವಲು ಮತ್ತು ಕಣಿವೆಗಳಲ್ಲಿ ಶೋಲಾ ಕಾಡುಗಳು ಇಲ್ಲಿಯ ಸಸ್ಯಸಂಪತ್ತಿನ ಮುಖ್ಯ ಲಕ್ಷಣ. ಆನೆ, ಕಾಟಿ (ಕಾಡುಕೋಣ), ಕಡವೆ, ಸಿಂಗಳೀಕ, ಕೆಂದಳಿಲು ಮೊದಲಾದ ಪ್ರಾಣಿಗಳು ಮತ್ತು ದೊಡ್ಡ ಮಂಗಟ್ಟೆ, ಮಲಬಾರ್ ಬೂದು ಮಂಗಟ್ಟೆ, ನೀಲಿ ರೆಕ್ಕೆಯ ಗಿಳಿ ಮೊದಲಾದ ಪಕ್ಷಿಗಳು ಇಲ್ಲಿ ಇವೆ.

ಕುಮಾರಧಾರಾ ನದಿಯು ಈ ಪರ್ವತಶ್ರೇಣಿಯಲ್ಲಿ ಹುಟ್ಟಿ, ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಸುಬ್ರಹ್ಮಣ್ಯವನ್ನು ಬಳಸಿಕೊಂಡು ಕಡಬ ತಾಲೂಕಿನಲ್ಲಿ ಹರಿಯುತ್ತದೆ. ಪುತ್ತೂರು ತಾಲೂಕಿನ ಉಪ್ಪಿನಂಗಡಿಯಲ್ಲಿ ಅದು ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ಆದುದರಿಂದ ಪುಷ್ಪಗಿರಿಯ ಮೇಲೆ ಬೀಳುವ ಮಳೆಯ ಪರಿಣಾಮವು ಪರ್ವತಕ್ಕಷ್ಟೇ ಸೀಮಿತವಾಗಿರದೆ ಕೆಳಗಿನ ತಾಲೂಕುಗಳ ರಸ್ತೆ, ಸೇತುವೆ ಮತ್ತು ತೋಟಗಳವರೆಗೂ ತಲುಪುತ್ತದೆ.

ಹವಾಮಾನ

ಉಷ್ಣವಲಯದ ಪ್ರದೇಶಗಳಲ್ಲಿ ಋತುಗಳನ್ನು ಮುಖ್ಯವಾಗಿ ನಿರ್ಧರಿಸುವುದು ತಾಪಮಾನವಲ್ಲ, ಮಳೆ. ಸಮಶೀತೋಷ್ಣ ದೇಶಗಳಲ್ಲಿರುವಂತೆ ಚಳಿಗಾಲ ಮತ್ತು ಬೇಸಿಗೆಗಳ ನಡುವೆ ತೀವ್ರ ಅಂತರ ಇಲ್ಲಿ ಕಾಣುವುದಿಲ್ಲ. ಪುಷ್ಪಗಿರಿಯ ವರ್ಷವನ್ನು ನೈಋತ್ಯ ಮುಂಗಾರು (ಜೂನ್–ಸೆಪ್ಟೆಂಬರ್), ಮಳೆಯ ನಂತರದ ಕಾಲ (ಅಕ್ಟೋಬರ್–ನವೆಂಬರ್), ತಂಪಾದ ಒಣ ಕಾಲ (ಡಿಸೆಂಬರ್–ಜನವರಿ) ಮತ್ತು ಬಿಸಿಲಿನ ಒಣ ಕಾಲ (ಫೆಬ್ರವರಿ–ಮೇ) ಎಂದು ನಾಲ್ಕು ಭಾಗಗಳಾಗಿ ವಿಂಗಡಿಸಬಹುದು.

ಅರಬ್ಬಿ ಸಮುದ್ರದಿಂದ ಬೀಸುವ ತೇವಭರಿತ ಗಾಳಿಯು ಘಟ್ಟದ ಗೋಡೆಗೆ ಬಡಿದು ಮೇಲೇರಬೇಕಾಗುತ್ತದೆ. ಮೇಲೇರಿದಂತೆ ಗಾಳಿ ತಣ್ಣಗಾಗಿ ಅದರಲ್ಲಿಯ ನೀರಾವಿ ಮಳೆಯಾಗಿ ಸುರಿಯುತ್ತದೆ. ಗಾಳಿಗೆ ಎದುರಾಗಿರುವ ಪಶ್ಚಿಮದ ಇಳಿಜಾರಿನಲ್ಲಿ ಹೆಚ್ಚು ಮಳೆ ಬಿದ್ದು, ಪೂರ್ವದ ಮಗ್ಗುಲಿಗೆ ಸರಿದಂತೆ ಅದು ಬೇಗನೆ ಕಡಿಮೆಯಾಗುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆಯಾಗುತ್ತಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ.

ಎತ್ತರವೂ ಹವಾಮಾನವನ್ನು ಪ್ರಭಾವಿಸುತ್ತದೆ. ಸಾವಿರ ಮೀಟರ್ ಏರಿದರೆ ತಾಪಮಾನವು ಸರಾಸರಿ ಆರರಿಂದ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸುಬ್ರಹ್ಮಣ್ಯದಿಂದ ಶಿಖರಕ್ಕೆ ಏರಬೇಕಾದ ಎತ್ತರ 1,500 ಮೀಟರಿಗೂ ಹೆಚ್ಚು. ಆದಕಾರಣ ಪೇಟೆಯಲ್ಲಿ ಸೆಕೆಯಿದ್ದ ದಿನವೂ ಮೇಲೆ ಹತ್ತು ಡಿಗ್ರಿಗಳಷ್ಟು ತಂಪಿರುವುದು ಸಹಜ. ಗಾಳಿ ಬೀಸಿದಾಗ ಚಳಿ ಇನ್ನೂ ಹೆಚ್ಚಾಗಿ ಅನಿಸುತ್ತದೆ.

ಒಣ ಕಾಡುಗಳ ನಿಯಮ ಇಲ್ಲಿ ಅನ್ವಯಿಸದಿರಲು ಕಾರಣ

ಉಷ್ಣವಲಯದ ಅನೇಕ ವನ್ಯಜೀವಿ ಉದ್ಯಾನಗಳಲ್ಲಿ ಒಣ ಕಾಲವೇ ಪ್ರಾಣಿವೀಕ್ಷಣೆಗೆ ಉತ್ತಮವೆಂಬ ಮಾತಿದೆ. ಶ್ರೀಲಂಕಾ ದ್ವೀಪದ ಯಾಲ ರಾಷ್ಟ್ರೀಯ ಉದ್ಯಾನದಲ್ಲಿ ಕೆರೆಕುಂಟೆಗಳು ಬತ್ತುತ್ತಾ ಬಂದಂತೆ ಉಳಿದ ನೀರಿನ ಬಳಿಗೆ ಪ್ರಾಣಿಗಳು ಬರುವುದರಿಂದ ಅವುಗಳನ್ನು ನೋಡುವುದು ಸುಲಭವಾಗುತ್ತದೆ. ಕರ್ನಾಟಕದ ಬಂಡೀಪುರ ಮತ್ತು ನಾಗರಹೊಳೆಗಳಲ್ಲಿಯೂ ಇದೇ ತತ್ತ್ವ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿ ಕಾಡು ತೆರೆದುಕೊಳ್ಳುತ್ತದೆ. ಕಬಿನಿ ಹಿನ್ನೀರು ಇಳಿದು ಬಯಲಾದ ನೆಲದಲ್ಲಿ ಹಸಿರು ಹುಲ್ಲು ಚಿಗುರಿದಾಗ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಬರುತ್ತವೆ.

ಪುಷ್ಪಗಿರಿಗೆ ಈ ನಿಯಮವನ್ನು ಹಾಗೆಯೇ ಅನ್ವಯಿಸಲಾಗದು. ಇಲ್ಲಿಯ ನಿತ್ಯಹರಿದ್ವರ್ಣ ಕಾಡು ಬೇಸಿಗೆಯಲ್ಲಿಯೂ ಎಲೆ ಕಳೆದುಕೊಂಡು ಬರಿದಾಗುವುದಿಲ್ಲ. ಕಣಿವೆಗಳಲ್ಲಿ ವರ್ಷವಿಡೀ ಹರಿಯುವ ತೊರೆಗಳಿರುವುದರಿಂದ ಪ್ರಾಣಿಗಳು ಒಂದೆಡೆ ಸೇರಬೇಕಾದ ಒತ್ತಡವೂ ಇಲ್ಲ. ಬಂಡೀಪುರದಲ್ಲಿರುವಂತೆ ವಾಹನದಲ್ಲಿ ಕುಳಿತು ನೋಡುವ ಸಫಾರಿಯೂ ಇಲ್ಲಿಲ್ಲ. ಸಂದರ್ಶಕರು ಕಾಲ್ನಡಿಗೆಯಲ್ಲಿಯೇ ಹೋಗಬೇಕು. ಹೀಗಾಗಿ ಇಲ್ಲಿ ದೊಡ್ಡ ಪ್ರಾಣಿಗಳ ದರ್ಶನಕ್ಕಿಂತ ಅವುಗಳ ಹೆಜ್ಜೆ, ಲದ್ದಿ, ಕೂಗು ಮೊದಲಾದ ಕುರುಹುಗಳೇ ಹೆಚ್ಚಾಗಿ ದೊರೆಯುತ್ತವೆ. ಭೇಟಿಯ ಕಾಲವನ್ನು ಆರಿಸುವಾಗ ‘ಯಾವಾಗ ಪ್ರಾಣಿಗಳು ಹೆಚ್ಚು ಕಾಣುತ್ತವೆ’ ಎಂಬುದಕ್ಕಿಂತ ‘ಯಾವಾಗ ದಾರಿ ಸುರಕ್ಷಿತವಾಗಿದೆ, ಯಾವಾಗ ಪ್ರವೇಶವಿದೆ’ ಎಂಬುದೇ ಮುಖ್ಯವಾಗುತ್ತದೆ.

ಮಳೆಗಾಲ (ಜೂನ್–ಸೆಪ್ಟೆಂಬರ್)

ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಕರಾವಳಿಯನ್ನು ತಲುಪುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಹೊತ್ತಿಗೆ ಮಳೆ ಬಿಡುವಿಲ್ಲದೆ ಸುರಿಯುತ್ತಿರುತ್ತದೆ. ಈ ಅವಧಿಯಲ್ಲಿ ಕುಮಾರಪರ್ವತದ ಚಾರಣವನ್ನು ಅರಣ್ಯ ಇಲಾಖೆ ನಿಷೇಧಿಸುತ್ತದೆ. ಬಂಡೆಗಳು ಪಾಚಿಗಟ್ಟಿ ಜಾರುವುದು, ತೊರೆಗಳು ಹಠಾತ್ತಾಗಿ ಉಕ್ಕುವುದು, ಮಂಜು ಕವಿದು ಹುಲ್ಲುಗಾವಲಿನ ಕಾಲುದಾರಿ ಕಾಣದಾಗುವುದು ಇದಕ್ಕೆ ಕಾರಣಗಳು. ಕಾಡಿನ ಹಾದಿಯಲ್ಲಿ ಉಂಬಳಗಳ (ಜಿಗಣೆ) ಕಾಟವೂ ವಿಪರೀತ. ಇವು ರೋಗ ಹರಡುವುದಿಲ್ಲವಾದರೂ ಕಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಬಹಳ ಹೊತ್ತು ರಕ್ತ ಒಸರುತ್ತದೆ.

ಮಳೆಗಾಲದ ಅಪಾಯವು ಚಾರಣಿಗರಿಗಿಂತ ಹೆಚ್ಚಾಗಿ ಸ್ಥಳೀಯರನ್ನು ಕಾಡಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸಂಭವಿಸಿದ ಸರಣಿ ಭೂಕುಸಿತಗಳಿಂದ ಸುಳ್ಯ–ಮಡಿಕೇರಿ ನಡುವಿನ ಸಂಪಾಜೆ ಘಾಟಿ ರಸ್ತೆ ಜೋಡುಪಾಲ, ಮದೆನಾಡು ಮುಂತಾದೆಡೆ ಹಾನಿಗೊಂಡು ಸಂಚಾರ ಸ್ಥಗಿತವಾಗಿತ್ತು. 2022ರ ಆಗಸ್ಟ್ ಆರಂಭದಲ್ಲಿ ಸುಬ್ರಹ್ಮಣ್ಯದ ಪರ್ವತಮುಖಿಯಲ್ಲಿ ಗುಡ್ಡ ಕುಸಿದು ಮನೆಯೊಂದರ ಮೇಲೆ ಬಿದ್ದು ಇಬ್ಬರು ಮಕ್ಕಳು ಮೃತಪಟ್ಟರು. ಅದೇ ಮಳೆಯಲ್ಲಿ ಸುಳ್ಯ ತಾಲೂಕಿನ ಹರಿಹರ ಪಲ್ಲತ್ತಡ್ಕ ಮತ್ತು ಕೊಲ್ಲಮೊಗ್ರು ಪರಿಸರಗಳು ನೆರೆಗೆ ತುತ್ತಾದವು. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ರೈಲುಮಾರ್ಗವೂ ಮಳೆಗಾಲದಲ್ಲಿ ಮಣ್ಣು ಕುಸಿದು ಆಗಾಗ ಸ್ಥಗಿತಗೊಳ್ಳುತ್ತದೆ.

ಆದರೂ ಜೀವಿವೈವಿಧ್ಯದ ದೃಷ್ಟಿಯಿಂದ ಇದು ವರ್ಷದ ಅತ್ಯಂತ ಚಟುವಟಿಕೆಯ ಕಾಲ. ಕಪ್ಪೆಗಳ ಸಂತಾನೋತ್ಪತ್ತಿ ನಡೆಯುವುದು ಬಹುಮಟ್ಟಿಗೆ ಈ ತಿಂಗಳುಗಳಲ್ಲಿ. ಮಲಬಾರ್ ಹಾರುವ ಕಪ್ಪೆಯು ನೀರಿನ ಮೇಲೆ ಚಾಚಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಅಣಬೆ, ಸೀತಾಳೆ ದಂಡೆಗಳು, ಹಾವಸೆ, ಜರೀಗಿಡಗಳೂ ಈಗ ತುಂಬು ಸೊಬಗಿನಲ್ಲಿರುತ್ತವೆ. ಇವುಗಳ ಆಸಕ್ತಿಯುಳ್ಳವರು ಧಾಮದ ಒಳಗೆ ಹೋಗದೆ, ಕೆಳಗಿನ ಗ್ರಾಮಗಳ ರಸ್ತೆ ಮತ್ತು ತೋಟಗಳ ಅಂಚಿನಲ್ಲಿ, ಮನೆಯವರ ಅನುಮತಿ ಪಡೆದು ವೀಕ್ಷಣೆ ಮಾಡಬಹುದು.

ಮಳೆಯ ನಂತರದ ಕಾಲ (ಅಕ್ಟೋಬರ್–ನವೆಂಬರ್)

ಮಳೆ ಹಿಂದೆ ಸರಿದ ಮೇಲೆ ದಾರಿ ಪರಿಶೀಲಿಸಿ ಚಾರಣಕ್ಕೆ ಮತ್ತೆ ಅನುಮತಿ ನೀಡಲಾಗುತ್ತದೆ. ಹುಲ್ಲುಗಾವಲು ಹಸಿರಾಗಿಯೂ ತೊರೆಗಳು ತುಂಬಿಯೂ ಆಕಾಶ ಬಹುಮಟ್ಟಿಗೆ ತಿಳಿಯಾಗಿಯೂ ಇರುವುದು ಈ ಕಾಲದ ವೈಶಿಷ್ಟ್ಯ. ಧೂಳು ಮತ್ತು ಹೊಗೆ ಕಡಿಮೆಯಿರುವುದರಿಂದ ದೂರದ ಬೆಟ್ಟಸಾಲುಗಳು ಸ್ಪಷ್ಟವಾಗಿ ಗೋಚರಿಸುತ್ತವೆ. ಚಿಟ್ಟೆಗಳು ಹೇರಳವಾಗಿ ಕಾಣಸಿಗುವುದೂ ಈ ತಿಂಗಳುಗಳಲ್ಲಿಯೇ.

ಈ ಅವಧಿಯ ಮುಖ್ಯ ತೊಡಕು ಗುಡುಗು ಸಹಿತ ಮಳೆ. ಹಿಂಗಾರಿನ ದಿನಗಳಲ್ಲಿ ಬೆಳಗ್ಗೆ ಬಿಸಿಲಿದ್ದು ಮಧ್ಯಾಹ್ನದ ನಂತರ ಮೋಡ ಕಟ್ಟುವುದು ವಾಡಿಕೆ. ಮರಗಳಿಲ್ಲದ ಏಣುಗಳ ಮೇಲೆ ನಿಂತವರಿಗೆ ಸಿಡಿಲಿನ ಅಪಾಯ ಹೆಚ್ಚು. ಆದುದರಿಂದ ಬೆಳಗ್ಗೆ ಬೇಗನೆ ಹೊರಟು, ಮಧ್ಯಾಹ್ನದ ಹೊತ್ತಿಗೆ ಶಿಖರದಿಂದ ಇಳಿಯಲಾರಂಭಿಸುವುದು ಕ್ಷೇಮ. ಅಕ್ಟೋಬರ್‌ನಲ್ಲಿ ಕಾಡಿನ ನೆಲ ಇನ್ನೂ ಒದ್ದೆಯಿರುವುದರಿಂದ ಉಂಬಳಗಳೂ ಪೂರ್ತಿ ಮರೆಯಾಗಿರುವುದಿಲ್ಲ.

ತಂಪಾದ ಒಣ ಕಾಲ (ಡಿಸೆಂಬರ್–ಜನವರಿ)

ಮಳೆಯ ಸಂಭವ ಅತಿ ಕಡಿಮೆಯಿರುವ, ಹಗಲು ಹಿತವಾಗಿರುವ ಈ ಎರಡು ತಿಂಗಳು ದೀರ್ಘ ಚಾರಣಕ್ಕೆ ಅನುಕೂಲಕರ. ಬೆಳಗಿನ ಹೊತ್ತು ಕಣಿವೆಗಳಲ್ಲಿ ಮಂಜು ನಿಂತು, ಶಿಖರದಿಂದ ನೋಡಿದಾಗ ಮೋಡಗಳು ಕೆಳಗೆ ಹರಡಿಕೊಂಡಂತೆ ಕಾಣುತ್ತದೆ. ಕುಂಡೆಕುಸ್ಕದಂತಹ ವಲಸೆ ಹಕ್ಕಿಗಳು ಉತ್ತರದಿಂದ ಬಂದು ತೊರೆಗಳ ಬಳಿ ನೆಲೆಸಿರುತ್ತವೆ. ಸ್ಥಳೀಯ ಹಕ್ಕಿಗಳೊಂದಿಗೆ ಇವೂ ಸೇರುವುದರಿಂದ ಪಕ್ಷಿವೀಕ್ಷಕರಿಗೆ ಇದು ಪ್ರಶಸ್ತ ಕಾಲ.

ಹುಲ್ಲು ಡಿಸೆಂಬರ್ ಕೊನೆಯ ವೇಳೆಗೆ ಹಳದಿಗೆ ತಿರುಗಲಾರಂಭಿಸಿ, ಜನವರಿಯ ಕೊನೆಗೆ ಒಣಗುತ್ತದೆ. ಹಸಿರು ಬೆಟ್ಟವನ್ನು ನೋಡಬಯಸುವವರಿಗೆ ನವೆಂಬರ್, ಒಣ ಹಾದಿಯನ್ನು ಬಯಸುವವರಿಗೆ ಡಿಸೆಂಬರ್–ಜನವರಿ ಹೆಚ್ಚು ಒಪ್ಪುತ್ತದೆ.

ಬಿಸಿಲಿನ ಒಣ ಕಾಲ (ಫೆಬ್ರವರಿ–ಮೇ)

ಫೆಬ್ರವರಿಯಿಂದ ಒಣಹುಲ್ಲಿನ ಗುಡ್ಡಗಳಿಗೆ ಬೆಂಕಿ ತಗಲುವ ಅಪಾಯ ತೀವ್ರವಾಗುತ್ತದೆ. ಬೀಡಿ ಸಿಗರೇಟುಗಳ ತುಂಡು ಅಥವಾ ಆರಿಸದೆ ಬಿಟ್ಟ ಒಲೆಯ ಕಿಡಿಯೊಂದೇ ಗುಡ್ಡವನ್ನೆಲ್ಲ ಸುಡಬಲ್ಲದು. ಆದಕಾರಣ ಅರಣ್ಯ ಇಲಾಖೆ ಬೆಂಕಿರೇಖೆಗಳನ್ನು ನಿರ್ಮಿಸುವುದಲ್ಲದೆ, ಅಪಾಯ ಹೆಚ್ಚಿದಾಗ ಬೇಸಿಗೆಯಲ್ಲಿಯೂ ಚಾರಣವನ್ನು ನಿಲ್ಲಿಸುತ್ತದೆ. ಗಿರಿಗದ್ದೆಯಿಂದ ಮೇಲಿನ ಹಾದಿಯ ಬಹುಭಾಗದಲ್ಲಿ ನೆರಳಿಲ್ಲ. ನೀರು ಸಿಗುವ ಜಾಗಗಳೂ ವಿರಳವಾಗುವುದರಿಂದ ನಿರ್ಜಲೀಕರಣ ಮತ್ತು ಬಿಸಿಲಿನ ಬಳಲಿಕೆ ಸಾಮಾನ್ಯ.

ಈ ಕಾಲದಲ್ಲಿ ಮಂಗಟ್ಟೆ ಹಕ್ಕಿಗಳು ಗೂಡು ಮಾಡುತ್ತವೆ. ಹೆಣ್ಣುಹಕ್ಕಿ ಮರದ ಪೊಟರೆಯೊಳಗೆ ಸೇರಿ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಉಳಿದ ಸಣ್ಣ ಸೀಳಿನ ಮೂಲಕ ಗಂಡು ಆಹಾರ ತಂದುಕೊಡುತ್ತದೆ. ಗೂಡಿನ ಬಳಿ ಜನಸಂಚಾರ ಹೆಚ್ಚಿದರೆ ಗಂಡುಹಕ್ಕಿ ಹತ್ತಿರ ಬರಲು ಹಿಂಜರಿಯುವುದರಿಂದ ಗೂಡುಮರಗಳಿಂದ ದೂರವಿರಬೇಕು.

ಒಣ ಕಾಲದಲ್ಲಿ ಕಾಡಿನ ಉಣ್ಣೆಗಳ ಕಡಿತದಿಂದ ಹರಡುವ ಮಂಗನ ಕಾಯಿಲೆಯ ಬಗ್ಗೆಯೂ ಎಚ್ಚರ ಅಗತ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗವು ಪಶ್ಚಿಮ ಘಟ್ಟಗಳ ಇತರ ಭಾಗಗಳಲ್ಲಿಯೂ ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇವರೆಗೆ ಪ್ರಕರಣಗಳು ಹೆಚ್ಚು. ತುಂಬುತೋಳಿನ ಬಟ್ಟೆ ಧರಿಸುವುದು, ಸತ್ತ ಮಂಗಗಳ ಸಮೀಪ ಹೋಗದಿರುವುದು, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯುವುದು ರೂಢಿಯಲ್ಲಿರುವ ಮುನ್ನೆಚ್ಚರಿಕೆಗಳು.

ಜನದಟ್ಟಣೆ ಮತ್ತು ನಿಯಂತ್ರಣ

ಮಳೆ ಮತ್ತು ಬೆಂಕಿಯ ತಿಂಗಳುಗಳನ್ನು ಕಳೆದರೆ ಉಳಿಯುವ ಅವಧಿ ಮೂರೂವರೆ ತಿಂಗಳು ಮಾತ್ರ. ಸಂದರ್ಶಕರೆಲ್ಲರೂ ಇದೇ ಅವಧಿಯ ವಾರಾಂತ್ಯಗಳನ್ನು ಆರಿಸಿಕೊಳ್ಳುವುದು ಪುಷ್ಪಗಿರಿಯ ಮುಖ್ಯ ಸಮಸ್ಯೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯ ವೇಳೆ ಕುಮಾರಪರ್ವತಕ್ಕೆ ಭಾರಿ ಸಂಖ್ಯೆಯ ಚಾರಣಿಗರು ಬಂದು, ಕಿರಿದಾದ ಕಾಲುದಾರಿಯಲ್ಲಿ ಸಾಲುಗಟ್ಟಿ ನಿಂತ ಚಿತ್ರಗಳು ಸಾಮಾಜಿಕ ಮಾಧ್ಯಮಗಳಲ್ಲಿ ಹರಡಿದವು. ಇದರ ಬೆನ್ನಲ್ಲೇ ಆನ್‌ಲೈನ್ ಮುಂಗಡ ನೋಂದಣಿಯಿಲ್ಲದ ಚಾರಣಪಥಗಳನ್ನು ರಾಜ್ಯ ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣವನ್ನು ಆರಂಭಿಸಿ, ದಿನವೊಂದಕ್ಕೆ ಮಿತಿ ನಿಗದಿಪಡಿಸಿ ಟಿಕೆಟ್ ನೀಡುವ ಕ್ರಮ ಜಾರಿಗೆ ಬಂತು.

ಆದುದರಿಂದ ಸೂಕ್ತ ಕಾಲವೆಂದರೆ ಸೂಕ್ತ ತಿಂಗಳು ಮಾತ್ರವಲ್ಲ, ಸೂಕ್ತ ದಿನವೂ ಹೌದು. ಅದೇ ನವೆಂಬರ್‌ನ ಮಂಗಳವಾರಕ್ಕೂ ಶನಿವಾರಕ್ಕೂ ಹಾದಿಯ ಅನುಭವದಲ್ಲಿ ಬಹಳ ವ್ಯತ್ಯಾಸವಿದೆ. ಜನರು ಕಡಿಮೆಯಿದ್ದಷ್ಟು ಸದ್ದು ಕಡಿಮೆಯಾಗಿ ಪ್ರಾಣಿಪಕ್ಷಿಗಳು ಕಾಣುವ ಸಂಭವ ಹೆಚ್ಚುತ್ತದೆ. ಕಾಲುದಾರಿಯ ಸವಕಳಿ ಮತ್ತು ಕಸದ ಹೊರೆಯೂ ತಗ್ಗುತ್ತದೆ.

ಸುಬ್ರಹ್ಮಣ್ಯ ಕ್ಷೇತ್ರದ ಪಂಚಾಂಗವನ್ನೂ ಗಮನಿಸಬೇಕಾಗುತ್ತದೆ. ಮಾರ್ಗಶಿರ ಶುದ್ಧ ಷಷ್ಠಿಯಂದು ನಡೆಯುವ ಚಂಪಾಷಷ್ಠಿಯ ಮಹಾರಥೋತ್ಸವವು ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ ಬರುತ್ತದೆ. ಆ ದಿನಗಳಲ್ಲಿ ವಸತಿ ಮತ್ತು ಬಸ್ಸುಗಳು ಭಕ್ತರಿಂದ ತುಂಬಿರುವುದರಿಂದ ಚಾರಣಕ್ಕೆಂದೇ ಬರುವವರು ಬೇರೆ ದಿನವನ್ನು ಆರಿಸಿಕೊಳ್ಳುವುದು ಲೇಸು.

ಮಾರ್ಗಗಳು

ಶಿಖರಕ್ಕೆ ಎರಡು ಮುಖ್ಯ ಹಾದಿಗಳಿವೆ. ಸುಬ್ರಹ್ಮಣ್ಯದಿಂದ ಗಿರಿಗದ್ದೆ, ಕಲ್ಲುಮಂಟಪ ಮತ್ತು ಶೇಷಪರ್ವತದ ಮೂಲಕ ಹೋಗುವ ಹಾದಿ ಸುಮಾರು 13 ಕಿಲೋಮೀಟರ್ ಉದ್ದವಿದ್ದು ಕಷ್ಟಕರ. ಇದರ ಮೊದಲ ಭಾಗ ದಟ್ಟ ಕಾಡಿನ ಏರು. ಗಿರಿಗದ್ದೆಯ ನಂತರ ತೆರೆದ ಹುಲ್ಲುಗಾವಲು. ಸೋಮವಾರಪೇಟೆಯ ಕಡೆಯಿಂದ ಹೆಗ್ಗಡೆಮನೆಯ ಮೂಲಕ ಹತ್ತುವ ಹಾದಿ ಇದರ ಅರ್ಧದಷ್ಟು ಉದ್ದವಿದ್ದು, ಎತ್ತರದಲ್ಲಿಯೇ ಆರಂಭವಾಗುವುದರಿಂದ ಏರೂ ಕಡಿಮೆ. ಶಿಖರದಲ್ಲಿ ಡೇರೆ ಹಾಕಿ ತಂಗಲು ಅನುಮತಿಯಿಲ್ಲ.

ಮಂಗಳೂರಿನ ಕಡೆಯಿಂದ ಬರುವವರು ಉಪ್ಪಿನಂಗಡಿ–ಕಡಬ ಮಾರ್ಗವಾಗಿಯೋ ಪುತ್ತೂರಿನ ಮೂಲಕವೋ, ಮಡಿಕೇರಿಯ ಕಡೆಯಿಂದ ಬರುವವರು ಸಂಪಾಜೆ–ಸುಳ್ಯದ ಮೂಲಕವೋ ಸುಬ್ರಹ್ಮಣ್ಯವನ್ನು ತಲುಪಬಹುದು. ಹಿಂದೆ ಕಡಬದ ಸಮೀಪದ ಹೊಸ್ಮಠದ ತಗ್ಗು ಸೇತುವೆ ಮಳೆಗಾಲದಲ್ಲಿ ಮುಳುಗಿ ಸಂಚಾರ ನಿಲ್ಲುತ್ತಿತ್ತು; ಎತ್ತರದ ಹೊಸ ಸೇತುವೆಯಿಂದ ಈ ತೊಂದರೆ ನೀಗಿದೆ. ಸಮೀಪದ ರೈಲುನಿಲ್ದಾಣವಾದ ಸುಬ್ರಹ್ಮಣ್ಯ ರಸ್ತೆ ನೆಟ್ಟಣದಲ್ಲಿದೆ.

ಧಾಮಕ್ಕೆ ಪ್ರವೇಶವಿಲ್ಲದ ಕಾಲದಲ್ಲಿ ನೋಡಬಹುದಾದ ತಾಣಗಳು

ಮಲ್ಲಳ್ಳಿ ಜಲಪಾತವು ಮಳೆಗಾಲದಲ್ಲಿಯೂ ಅದರ ನಂತರದ ಎರಡು ತಿಂಗಳಲ್ಲಿಯೂ ತುಂಬಿರುತ್ತದೆ. ಇದನ್ನು ವೀಕ್ಷಣಾ ಸ್ಥಳದಿಂದಲೇ ನೋಡಬೇಕು; ನೀರಿಗಿಳಿಯುವುದು ಅಪಾಯಕರ. ಸುಳ್ಯ ತಾಲೂಕಿನ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಬಳಿಯ ಮತ್ಸ್ಯತೀರ್ಥದಲ್ಲಿ ದೇವರ ಮೀನುಗಳನ್ನು ಕಾಣಬಹುದು. ಮಳೆಗಾಲದ ಕೆಂಪುನೀರು ತಿಳಿಯಾದ ಬಳಿಕ, ಡಿಸೆಂಬರ್ ನಂತರ ಮೀನುಗಳು ಚೆನ್ನಾಗಿ ಗೋಚರಿಸುತ್ತವೆ. ಅಲ್ಲಿಗೆ ಸಮೀಪದ ದೇವರಗುಂಡಿ ಜಲಪಾತ ನೋಡಲು ಅಕ್ಟೋಬರ್–ನವೆಂಬರ್ ಒಳ್ಳೆಯ ಕಾಲ.

ಕಾಡಾನೆಗಳ ಬಗ್ಗೆ ಎಚ್ಚರಿಕೆ

ಆನೆಗಳ ಓಡಾಟಕ್ಕೆ ಧಾಮದ ಗಡಿಯೂ ಇಲ್ಲ, ನಿಶ್ಚಿತ ಋತುವೂ ಇಲ್ಲ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿ ಗ್ರಾಮದಲ್ಲಿ ಬೆಳಗಿನ ಹೊತ್ತು ಕಾಡಾನೆಯ ದಾಳಿಗೆ ಇಬ್ಬರು ಬಲಿಯಾದರು. ಆ ಬಳಿಕ ಸಾಕಾನೆಗಳ ನೆರವಿನಿಂದ ಆನೆಯನ್ನು ಹಿಡಿಯಲಾಯಿತು. ಕಾಡಂಚಿನ ರಸ್ತೆಗಳಲ್ಲಿ ಮುಂಜಾನೆ ಮತ್ತು ಮುಸ್ಸಂಜೆಯ ಬಳಿಕ ಒಂಟಿಯಾಗಿ ನಡೆಯುವುದನ್ನು ವರ್ಷವಿಡೀ ತಪ್ಪಿಸಬೇಕು. ಆನೆ ಕಾಣಿಸಿದ ಸುದ್ದಿಯಿದ್ದಲ್ಲಿ ಸ್ಥಳೀಯರ ಮತ್ತು ಅರಣ್ಯ ಸಿಬ್ಬಂದಿಯ ಮಾತನ್ನು ಪಾಲಿಸಬೇಕು.

ತಿಂಗಳವಾರು ಸಾರಾಂಶ

- ಜೂನ್–ಸೆಪ್ಟೆಂಬರ್: ಚಾರಣಕ್ಕೆ ನಿಷೇಧ. ಧಾಮದ ಹೊರಗೆ ಕಪ್ಪೆ, ಅಣಬೆ, ಸಸ್ಯಗಳ ವೀಕ್ಷಣೆಗೆ ಅನುಕೂಲ. ಭೂಕುಸಿತ ಮತ್ತು ನೆರೆಯ ಅಪಾಯ.
- ಅಕ್ಟೋಬರ್: ಮಳೆ ನಿಂತುದನ್ನು ನೋಡಿಕೊಂಡು ಚಾರಣ ಪುನರಾರಂಭ. ಜಲಪಾತಗಳು ತುಂಬಿರುತ್ತವೆ, ಉಂಬಳ ಮತ್ತು ಸಿಡಿಲಿನ ಬಗ್ಗೆ ಎಚ್ಚರ ಬೇಕು.
- ನವೆಂಬರ್: ಹಸಿರು, ತಿಳಿ ಆಕಾಶ, ಚಿಟ್ಟೆಗಳು. ಒಟ್ಟಾರೆಯಾಗಿ ಅತ್ಯುತ್ತಮ ತಿಂಗಳು.
- ಡಿಸೆಂಬರ್–ಜನವರಿ: ಒಣ ಹಾದಿ, ತಂಪು ಹವೆ, ವಲಸೆ ಹಕ್ಕಿಗಳು. ರಜಾದಿನಗಳಲ್ಲಿ ಜನಸಂದಣಿ.
- ಫೆಬ್ರವರಿ–ಮಾರ್ಚ್: ಕಾಡ್ಗಿಚ್ಚಿನ ಕಾಲ, ಪ್ರವೇಶ ನಿಲ್ಲಬಹುದು. ಮಂಗಟ್ಟೆಗಳ ಗೂಡುಕಾಲ.
- ಏಪ್ರಿಲ್–ಮೇ: ತೀವ್ರ ಸೆಕೆ, ನೀರಿನ ಅಭಾವ, ಸಂಜೆಯ ಗುಡುಗುಮಳೆ. ಚಾರಣಕ್ಕೆ ಸೂಕ್ತವಲ್ಲ.

ಮುಂಗಾರು ಬೇಗ ಬರುವುದೂ ತಡವಾಗಿ ಮರಳುವುದೂ ಇರುವುದರಿಂದ ಚಾರಣಪಥ ತೆರೆಯುವ ಮತ್ತು ಮುಚ್ಚುವ ದಿನಗಳು ಪ್ರತಿವರ್ಷ ಒಂದೇ ಆಗಿರುವುದಿಲ್ಲ. ಪ್ರವಾಸ ನಿಗದಿಪಡಿಸುವ ಮುನ್ನ ಅರಣ್ಯ ಇಲಾಖೆಯ ಆ ವರ್ಷದ ಪ್ರಕಟಣೆಯನ್ನೂ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ನೋಡಿಕೊಳ್ಳುವುದು ಅಗತ್ಯ.